ತೆಪ್ಪಕ್ಕೆ ಸಾಲ ಕೊಡುವ ಮುನ್ನ



ಹಸು ಸಾಲ, ಕುರಿ ಸಾಲ, ರೇಷ್ಮೆ ಹುಳು ಮನೆಗೆ ಸಾಲ, ಹೊಲಿಗೆ ಯಂತ್ರದ ಸಾಲ – ಇವೆಲ್ಲ ನಮ್ಮ ಸಂಘಗಳಿಗೆ ಹೊಸದೇನಲ್ಲ. ಈಚೆಗೆ ಅಕ್ಕೂರು ಭಾಗದ ಸಭೆಗಳಲ್ಲಿ ಇನ್ನೊಂದು ಬೇಡಿಕೆ ಬರುತ್ತಿದೆ: ತೆಪ್ಪಕ್ಕೆ ಸಾಲ. ಕಾರಣ ನಿಮಗೇ ಗೊತ್ತು. ಶಿಂಷಾ ನದಿಗೆ ಇಗ್ಗಲೂರಿನಲ್ಲಿ ಕಟ್ಟಿರುವ ಬ್ಯಾರೇಜಿನಿಂದ ನೀರೆತ್ತಿ ಚನ್ನಪಟ್ಟಣ ತಾಲ್ಲೂಕಿನ ಕೆರೆಗಳನ್ನು ತುಂಬಿಸಲು ಶುರು ಮಾಡಿದ ಮೇಲೆ, ಬೇಸಿಗೆಯಲ್ಲಿ ದನ ಮೇಯುತ್ತಿದ್ದ ಎಷ್ಟೋ ಕೆರೆಗಳಲ್ಲಿ ನೀರು ನಿಂತಿದೆ. ನೀರು ನಿಂತ ಕಡೆ ಮೀನು, ಮೀನಿದ್ದ ಕಡೆ ಬಲೆ, ಬಲೆ ಬಿಡೋಕೆ ತೆಪ್ಪ.

ಒಂದು ಸಭೆಯಲ್ಲಿ ಸದಸ್ಯೆಯೊಬ್ಬರು ಗಂಡನಿಗೆ ಫೈಬರ್ ತೆಪ್ಪ ತೆಗೆಸಿಕೊಡಲು ಹದಿನೈದು ಸಾವಿರ ಕೇಳಿದರು. ಕಂತು ತಪ್ಪದೆ ಕಟ್ಟುವವರು. ಐದೇ ನಿಮಿಷದಲ್ಲಿ ಎಲ್ಲರೂ ಒಪ್ಪಿದರು. "ಇದರಲ್ಲಿ ಲೈಫ್ ಜಾಕೆಟ್ಟಿಗೆ ಎಷ್ಟಮ್ಮಾ ಇಟ್ಟಿದ್ದೀರಿ?" ಎಂದು ನಾವು ಕೇಳಿದೆವು. "ಅಯ್ಯೋ ಸಿಸ್ಟರ್, ನಮ್ಮೆಜಮಾನ್ರಿಗೆ ಚೆನ್ನಾಗಿ ಈಜು ಬರ್ತದೆ" ಅಂದರು. ಉಳಿದವರೂ ನಕ್ಕರು. ಅದೇ ಸಂಘ ಹಿಂದಿನ ತಿಂಗಳು ಒಂದು ಹಸುವಿನ ಸಾಲಕ್ಕೆ, ಎಷ್ಟನೇ ಸೂಲು, ಹಲ್ಲು ನೋಡಿದ್ರಾ, ಕೆಚ್ಚಲು ಹೇಗಿದೆ, ವಿಮೆ ಮಾಡಿಸ್ತೀರಾ ಎಂದು ಒಂದು ಗಂಟೆ ಹೊತ್ತು ವಿಚಾರಿಸಿತ್ತು! ಹಸುವಿಗೆ ಒಂದು ಗಂಟೆ, ಗಂಡನಿಗೆ ಐದು ನಿಮಿಷ. ಅವತ್ತೇ ಈ ವಿಷಯ ಬರೆಯಬೇಕು ಅಂದುಕೊಂಡೆವು.

ಮೊದಲು ತೆಪ್ಪದ ಗುಣ ತಿಳಿಯೋಣ. ಮಾಗಡಿ ತಾಲ್ಲೂಕಿನ ಮಂಚನಬೆಲೆ ಕಡೆ ಬೆಂಗಳೂರಿನ ಹುಡುಗ ಹುಡುಗಿಯರು ಕಯಾಕ್ ಎಂಬ ಉದ್ದನೆಯ ಕಿರುದೋಣಿ ನಡೆಸುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಈಟಿ ಹಾಗೆ ನೆಟ್ಟಗೆ ಹೋಗುತ್ತದೆ, ಆದರೆ ಅಗಲ ಕಡಿಮೆ, ಹೊಸಬರು ಕೂತರೆ ಪಕ್ಕಕ್ಕೆ ವಾಲುತ್ತದೆ. ನಮ್ಮ ತೆಪ್ಪಕ್ಕೆ ಮುಂದೆ ಹಿಂದೆ ಅಂತಿಲ್ಲ, ಬುಟ್ಟಿ ಹಾಗೆ ದುಂಡಗೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರ ಡೊಮಿಂಗೊ ಪಾಯೆಸ್, ಹೊರಗೆ ಚರ್ಮ ಹೊದಿಸಿದ ಇಂಥ ದುಂಡು ತೆಪ್ಪಗಳು ಸುತ್ತುತ್ತಲೇ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಇವತ್ತಿಗೂ ಅದೇ ಸ್ವಭಾವ. ತಳ ಅಗಲ ಮತ್ತು ಚಪ್ಪಟೆ ಇರುವುದರಿಂದ ಮೊಣಕಾಲುದ್ದ ನೀರಲ್ಲೂ ತೇಲುತ್ತದೆ, ಜೊಂಡು ಮತ್ತು ಮರದ ಬೊಡ್ಡೆ ಇರುವ ಕೆರೆಯಲ್ಲೂ ನಡೆಯುತ್ತದೆ, ಒಬ್ಬರೇ ಬೆನ್ನ ಮೇಲೆ ಕವುಚಿಕೊಂಡು ಮನೆಗೆ ತರಬಹುದು. ಕೆರೆ ಮೀನಿಗೆ ಇದೇ ಸರಿ. ಇದರ ದೋಷ ಎರಡು. ಗಾಳಿ ಬೀಸಿದ ಕಡೆ ತೇಲಿಹೋಗುತ್ತದೆ. ಎಲ್ಲರೂ ಒಂದೇ ಪಕ್ಕಕ್ಕೆ ಬಾಗಿದರೆ ಅಂಚಿನಿಂದ ನೀರು ನುಗ್ಗುತ್ತದೆ. ಬಲೆ ಎಳೆಯುವಾಗ ಬಾಗುವುದೇ ಕೆಲಸ ಅಲ್ಲವೇ? ಆದ್ದರಿಂದ ಒಬ್ಬರು ಬಲೆ ಎಳೆದರೆ ಇನ್ನೊಬ್ಬರು ಎದುರು ಪಕ್ಕದಲ್ಲಿ ಕೂತಿರಬೇಕು. ಎದ್ದು ನಿಲ್ಲಬಾರದು.

ಈಗ ಕೊಳ್ಳುವ ವಿಚಾರ. ಸಿಗುವುದು ಮುಖ್ಯವಾಗಿ ಎರಡು ಬಗೆ.

ಒಂದು, ಬಿದಿರಿನ ತೆಪ್ಪ. ಬಿದಿರು ಕೆಲಸ ಬಲ್ಲವರು ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲು ಹೊದಿಸಿ ಡಾಂಬರು ಬಳಿದಿರುತ್ತಾರೆ. ಬೆಲೆ ಕಡಿಮೆ, ರಿಪೇರಿ ಮನೆಯಲ್ಲೇ ಆಗುತ್ತದೆ. ಬೊಡ್ಡೆ, ಮುಳ್ಳು ತಾಗಿದರೆ ಹರಿಯುತ್ತದೆ, ಡಾಂಬರು ಆಗಾಗ ಬಳಿಯಬೇಕು. ಕೊಳ್ಳುವಾಗ ಕವುಚಿ ಹಾಕಿ ತಳದ ಹೆಣಿಗೆ ನೋಡಿ. ಹಸಿ ಬಿದಿರಾದರೆ ಒಣಗಿದ ಮೇಲೆ ಹೆಣಿಗೆ ಸಡಿಲವಾಗುತ್ತದೆ. ಬಿದಿರಿನಿಂದ ಸಣ್ಣಗೆ ಪುಡಿ ಉದುರುತ್ತಿದ್ದರೆ ಹುಳು ಹಿಡಿದಿದೆ ಎಂದೇ ಅರ್ಥ, ಬೇಡ ಅನ್ನಿ.

ಎರಡು, ಫೈಬರ್ ತೆಪ್ಪ. ಬಾಳಿಕೆ ಹೆಚ್ಚು, ಡಾಂಬರಿನ ಕೆಲಸ ಇಲ್ಲ. ಇದನ್ನು ಬಿಸಿಲಿಗೆ ಎತ್ತಿ ಹಿಡಿದು ಒಳಗಿನಿಂದ ನೋಡಿ. ಬೆಳಕು ಒಂದೇ ಸಮ ಕಂಡರೆ ದಪ್ಪ ಒಂದೇ ಸಮ ಇದೆ. ಅಲ್ಲಲ್ಲಿ ಹೆಚ್ಚು ಬೆಳಕು ಬಂದರೆ ಅಲ್ಲಿ ತೆಳು. ಗಾಳಿ ಗುಳ್ಳೆ, ಹೊರಗೆ ಕಾಣುವ ನಾರು ಇರಬಾರದು, ನಾರಿನ ಮೂಲಕ ನೀರು ಒಳಗೆ ಇಳಿದು ಪದರ ಬಿಡುತ್ತದೆ. ಬೆರಳಿನಿಂದ ಬಡಿದಾಗ ಒಡೆದ ಮಡಕೆಯ ಸದ್ದು ಬಂದ ಕಡೆ ಪದರ ಬಿಟ್ಟಿರಬಹುದು. ಅಂಚು ಮಡಿಸಿ ಗಟ್ಟಿ ಮಾಡಿರಬೇಕು, ಕೈಗೆ ಚುಚ್ಚಬಾರದು.

ಆದರೆ ಫೈಬರ್ ತೆಪ್ಪದ ಒಂದು ಸಂಗತಿಯನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಬಿದಿರು ನೀರಿಗಿಂತ ಹಗುರ, ತೆಪ್ಪದ ತುಂಬ ನೀರು ತುಂಬಿದರೂ ಬಿದಿರು ತೇಲಲು ನೋಡುತ್ತದೆ. ಫೈಬರ್ ಹಾಗಲ್ಲ, ಅದು ನೀರಿಗಿಂತ ಭಾರ. ಖಾಲಿ ಇದ್ದಾಗ ಪಾತ್ರೆ ತೇಲಿದ ಹಾಗೆ ತೇಲುತ್ತದೆ, ತುಂಬಿದರೆ ಪಾತ್ರೆ ಮುಳುಗಿದ ಹಾಗೆ ಮುಳುಗುತ್ತದೆ. ಹಿಡಿದುಕೊಳ್ಳೋಣ ಅಂದರೆ ಏನೂ ಉಳಿಯುವುದಿಲ್ಲ! ಇದಕ್ಕೆ ಉಪಾಯ ಸುಲಭ. 20 ಲೀಟರಿನ ಎರಡು ಖಾಲಿ ಕ್ಯಾನುಗಳನ್ನು ಬಿರಟೆ ಬಿಗಿದು, ಎದುರುಬದುರಾಗಿ ಒಳ ಅಂಚಿಗೆ ಗಟ್ಟಿಯಾಗಿ ಕಟ್ಟಿ. ಮುಳುಗಿದಾಗ ಒಂದೊಂದು ಕ್ಯಾನು ಸುಮಾರು 19 ಕಿಲೋ ಭಾರ ಎತ್ತುತ್ತದೆ. ನೀರಲ್ಲಿ ಬಿದ್ದ ಮನುಷ್ಯನ ತಲೆ ಮೇಲಿರಲು ಬೇಕಾದದ್ದು ನಾಲ್ಕೈದು ಕಿಲೋ ಎತ್ತುವ ಶಕ್ತಿ ಅಷ್ಟೆ. ಹಾಗಾಗಿ ತೆಪ್ಪವೂ ನಿಲ್ಲುತ್ತದೆ, ಹಿಡಿದವರೂ ನಿಲ್ಲುತ್ತಾರೆ. ಕ್ಯಾನು ಸಡಿಲ ಬಿಟ್ಟರೆ ಮಾತ್ರ ಪ್ರಯೋಜನವಿಲ್ಲ, ಅದೊಂದೇ ತೇಲಿಕೊಂಡು ಹೋಗುತ್ತದೆ.

ಅಳತೆ ಎಷ್ಟಿರಬೇಕು? ಇಲ್ಲೊಂದು ಲೆಕ್ಕ ಹೇಳುತ್ತೇವೆ, ಬಡ್ಡಿ ಲೆಕ್ಕಕ್ಕಿಂತ ಸುಲಭ. ತಳ 5 ಅಡಿ ಅಗಲ ಇದ್ದರೆ ತೆಪ್ಪ ಒಂದು ಇಂಚು ಮುಳುಗಲು ಸುಮಾರು 45 ಕಿಲೋ ಭಾರ ಬೇಕು. ತಳ 4 ಅಡಿ ಇದ್ದರೆ 30 ಕಿಲೋ ಸಾಕು. ಗಂಡ 60 ಕಿಲೋ, ಹೆಂಡತಿ 50, ಒದ್ದೆ ಬಲೆ ಮತ್ತು ಮೀನು 40, ತೆಪ್ಪದ್ದೇ ತೂಕ 40 ಅಂತಿಟ್ಟುಕೊಳ್ಳಿ, ಒಟ್ಟು 190. ದೊಡ್ಡದು ನಾಲ್ಕು ಇಂಚು ಮುಳುಗುತ್ತದೆ, ಚಿಕ್ಕದು ಆರು ಇಂಚಿನ ಮೇಲೆ. ಇಬ್ಬರಿಗೆ ಎರಡೂ ನಡೆಯುತ್ತದೆ. ಅದೇ ತೆಪ್ಪಕ್ಕೆ, ಆಚೆ ದಡದ ಹೊಲಕ್ಕೆ ಹೋಗಬೇಕು ಅಂತ ಇನ್ನಿಬ್ಬರು ಹತ್ತಿದರು ಅನ್ನಿ. ಚಿಕ್ಕದು ಹತ್ತು ಇಂಚು ಮುಳುಗಿತು. ಒಂದೂವರೆ ಅಡಿ ಎತ್ತರದ ತೆಪ್ಪವಾದರೆ ನೀರಿನ ಮೇಲೆ ಉಳಿದದ್ದು ಏಳೆಂಟು ಇಂಚು, ಅಂದರೆ ಒಂದು ಗೇಣೂ ಇಲ್ಲ. ಒಬ್ಬರು ಪಕ್ಕಕ್ಕೆ ವಾಲಿದರೆ ಮುಗಿಯಿತು. ಆದ್ದರಿಂದ ನಮ್ಮ ಸಲಹೆ: ಅಂಚು ನೀರಿನಿಂದ ಒಂದು ಗೇಣು ಮೇಲಿಲ್ಲದಿದ್ದರೆ ಒಬ್ಬರು ಇಳಿಯಲಿ. ಗೇಣಿನ ಅಳತೆಗೆ ಒಳಗಡೆ ಬಣ್ಣದಲ್ಲಿ ಒಂದು ಗೆರೆ ಎಳೆದರೆ ಜಗಳವೇ ಇರುವುದಿಲ್ಲ.

ಜನ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು, ಮಕ್ಕಳೂ ಇದ್ದರು. ದೋಣಿಯಲ್ಲಿ ಜನ ಹೆಚ್ಚಿದ್ದರು, ಬಹುತೇಕರು ಲೈಫ್ ಜಾಕೆಟ್ ಹಾಕಿರಲಿಲ್ಲ ಎಂದು ಆಗ ವರದಿಯಾಗಿತ್ತು. 2020ರ ಆಗಸ್ಟಿನಲ್ಲಿ ಕೃಷ್ಣಾ ನದಿ ಉಕ್ಕಿದ್ದಾಗ ರಾಯಚೂರು ತಾಲ್ಲೂಕಿನ ಕುರ್ವಕಲಾ ನಡುಗಡ್ಡೆಗೆ ಹೊರಟಿದ್ದ ತೆಪ್ಪ ಮಗುಚಿತು. ಅವರೆಲ್ಲ ನೀರಿನ ಮಧ್ಯೆಯೇ ಬಾಳಿದವರು.

ಈಗ ಜಾಕೆಟ್ಟಿನ ಮಾತು. ಈಜು ಬರುತ್ತದೆ ಎಂಬ ಮಾತು ಪಂಚೆ ಎತ್ತಿಕಟ್ಟಿ ದಡದಿಂದ ಹಾರುವವರಿಗೆ ಸರಿ. ಬಲೆಗೆ ಕಾಲು ಸಿಕ್ಕಿಕೊಂಡವರಿಗೆ, ತಲೆಗೆ ಏಟು ಬಿದ್ದವರಿಗೆ, ಮೂರ್ಛೆ ರೋಗ ಇರುವವರಿಗೆ, ಕತ್ತಲಲ್ಲಿ ದಡ ಯಾವ ಕಡೆ ಎಂದು ತಿಳಿಯದವರಿಗೆ ಈಜು ಬಂದರೂ ಅಷ್ಟೆ, ಬರದಿದ್ದರೂ ಅಷ್ಟೆ. ಇನ್ನು ಕುಡಿದು ತೆಪ್ಪ ಹತ್ತುವ ವಿಷಯ ನಾವು ಬಿಡಿಸಿ ಹೇಳಬೇಕಾಗಿಲ್ಲ, ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ಜಾಕೆಟ್ಟಿನ ಒಳಗೆ ಒಂದು ಚೀಟಿ ಹೊಲಿದಿರುತ್ತಾರೆ. ಎಷ್ಟು ಕಿಲೋ ತೂಕದವರಿಗೆ ಎಂದು ಅದರಲ್ಲಿರಬೇಕು. ಒಳ್ಳೆಯದರಲ್ಲಿ 50, 100, 150 ಎಂಬ ಇನ್ನೊಂದು ಸಂಖ್ಯೆಯೂ ಇರುತ್ತದೆ. ಇದು ನ್ಯೂಟನ್ ಎಂಬ ಅಳತೆ, ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಎತ್ತುವ ಶಕ್ತಿ. 50 ಎಂಬುದು ಈಜು ಬಲ್ಲವರಿಗೆ, ದಡ ಹತ್ತಿರ ಇರುವ ಕಡೆಗೆ. ನಮ್ಮ ಕೆರೆಗಳಿಗೆ 100 ಒಳ್ಳೆಯದು, ಕಾಲರ್ ಇರುವಂಥದ್ದು. ಅದು ಪ್ರಜ್ಞೆ ತಪ್ಪಿದವರ ಮುಖವನ್ನೂ ಮೇಲಕ್ಕೆ ತಿರುಗಿಸಲೆಂದು ಮಾಡಿರುವುದು. ಚೀಟಿಯೇ ಇಲ್ಲದ್ದು, ಹಿಸುಕಿದರೆ ಒಳಗೆ ಥರ್ಮೋಕೋಲ್ ಪುಡಿಯಾಗುವ ಸದ್ದು ಬರುವುದು ಬೇಡ. ಅಂಗಡಿಯಲ್ಲೇ ಹಾಕಿ, ಪಟ್ಟಿ ಎಲ್ಲ ಬಿಗಿದು, ಜೊತೆಯವರಿಗೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎತ್ತಲು ಹೇಳಿ. ಕಿವಿವರೆಗೆ ಬಂದರೆ ಅದು ನಿಮಗೆ ದೊಡ್ಡದು, ನೀರಲ್ಲೂ ಹಾಗೇ ಜಾರುತ್ತದೆ. ಮಕ್ಕಳಿಗೆ ದೊಡ್ಡವರದ್ದು ಹಾಕಲೇಬಾರದು, ಅವರಿಗೆ ತೊಡೆ ಸಂದಿಯಿಂದ ಪಟ್ಟಿ ಬರುವ ಬೇರೆಯದೇ ಸಿಗುತ್ತದೆ. ಮನೆಗೆ ತಂದ ಮೇಲೆ ಎದೆಮಟ್ಟದ ನೀರಲ್ಲಿ ನಿಂತು, ಕಾಲು ಎತ್ತಿ ಒಮ್ಮೆ ಪರೀಕ್ಷೆ ಮಾಡಿ. ಅದರ ಮೇಲೆ ಕೂರಬೇಡಿ, ತಲೆದಿಂಬು ಮಾಡಬೇಡಿ, ಒಳಗಿನ ಸ್ಪಂಜು ಚಪ್ಪಟೆಯಾಗುತ್ತದೆ. ನೆರಳಲ್ಲಿ ಒಣಗಿಸಿ.

ನೀವೂ ತೆಪ್ಪ ಹತ್ತುವುದಾದರೆ ಸೀರೆ ಬಿಟ್ಟು ಚೂಡಿದಾರ ಹಾಕಿಕೊಳ್ಳಿ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಬಿಡಿಸಲಾಗದು. ಅತ್ತೆಯವರು ಏನಂತಾರೋ ಎಂದು ಒಬ್ಬರು ಕೇಳಿದರು. ಅತ್ತೆಯವರನ್ನೂ ಸಭೆಗೆ ಕರೆತನ್ನಿ, ನಾವು ಮಾತಾಡುತ್ತೇವೆ.

ತೆಪ್ಪದೊಳಗೆ ಇನ್ನೇನಿರಬೇಕು? ಹುಟ್ಟು ಎರಡು, ಒಂದು ಕೈಜಾರಿದರೆ ಇನ್ನೊಂದು. ನೀರು ಮೊಗೆಯಲು ಕತ್ತರಿಸಿದ ಕ್ಯಾನಿಗೆ ದಾರ ಕಟ್ಟಿ ಇಡಿ. ಹದಿನೈದು ಮೀಟರ್ ನೈಲಾನ್ ಹಗ್ಗ, ತುದಿಗೆ ಖಾಲಿ ಬಾಟಲಿ. ಬಲೆ ಕೊಯ್ಯಲು ಕೈಗೆ ತಕ್ಷಣ ಸಿಗುವ ಒಂದು ಚಾಕು. ಇದನ್ನು ಎಲ್ಲರೂ ಮರೆಯುತ್ತಾರೆ. ಜಾಕೆಟ್ಟಿಗೇ ಕಟ್ಟಿದ ಒಂದು ಸೀಟಿ, ಯಾಕೆಂದರೆ ಕೂಗಿ ಗಂಟಲು ಬಿದ್ದುಹೋದರೂ ಸೀಟಿ ಊದಬಹುದು. ರಾತ್ರಿಯಾದರೆ ಟಾರ್ಚು, ಮೊಬೈಲಿಗೆ ಪ್ಲಾಸ್ಟಿಕ್ ಕವರು. ಗಂಬೂಟು ಬೇಡವೇ ಬೇಡ, ನೀರು ತುಂಬಿದರೆ ಈಜಲು ಬಿಡುವುದಿಲ್ಲ.

ಎಲ್ಲಿಗೆ ಹೋಗಬಾರದು ಎಂಬುದೂ ಸಾಮಾನಿನಷ್ಟೇ ಮುಖ್ಯ. ಕೆರೆ ತೂಬು ಎತ್ತಿದ್ದಾಗ ಅದರ ಹತ್ತಿರ, ಕೋಡಿ ಬಿದ್ದಾಗ ಕೋಡಿ ಹತ್ತಿರ, ನೀರೆತ್ತುವ ಪಂಪಿನ ಬಾಯಿ ಹತ್ತಿರ ಬೇಡ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಇರುತ್ತದೆ, ದುಂಡು ತೆಪ್ಪವನ್ನು ಅದಕ್ಕೆ ಎದುರಾಗಿ ಹುಟ್ಟು ಹಾಕಿ ತರುವುದು ಬಹಳ ಕಷ್ಟ. ಇಗ್ಗಲೂರು ಬ್ಯಾರೇಜು, ಕಣ್ವ ಜಲಾಶಯದಂಥ ಕಡೆ ಗೇಟಿನ ಸಮೀಪ ಹೋಗಲೇಬೇಡಿ, ಮೇಲೂ ಬೇಡ, ಕೆಳಗೂ ಬೇಡ. ಏಪ್ರಿಲ್, ಮೇ ಸಂಜೆ ಗಾಳಿ ಸಮೇತ ಮಳೆ ಬರುತ್ತದೆ. ಗುಡುಗಿನ ಸದ್ದು ಕೇಳಿದ ಕೂಡಲೇ ಬಲೆ ಅಲ್ಲೇ ಬಿಟ್ಟು ದಡಕ್ಕೆ ಬರಬೇಕು. ಬಲೆಗೆ ಇನ್ನೊಂದು ಸಾಲ ಕೊಡೋಣ.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ, ಮುಳುಗುವವರು ಕಾಪಾಡಲು ಬಂದವರನ್ನೂ ಅಪ್ಪಿ ಎಳೆಯುತ್ತಾರೆ. ಹಗ್ಗ, ಕೋಲು, ಕೊನೆಗೆ ಖಾಲಿ ಕೊಡವನ್ನಾದರೂ ಎಸೆಯಿರಿ. ಮೇಲೆ ತಂದ ಮೇಲೆ ಹೊಟ್ಟೆ ಅಮುಕುವುದು, ತಲೆಕೆಳಗೆ ಮಾಡುವುದು ಬೇಡ. ಉಸಿರಾಟ ಇಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತ, ಎದೆ ಒತ್ತುತ್ತ, ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿ. ಇದನ್ನು ಓದಿ ಕಲಿಯಲಾಗದು. ಆರೋಗ್ಯ ಕೇಂದ್ರದ ಸಿಸ್ಟರನ್ನು ಒಂದು ಸಭೆಗೆ ಕರೆಸಿ, ದಿಂಬಿನ ಮೇಲೆ ಮಾಡಿ ತೋರಿಸಲು ಕೇಳಿ.

ಸಾಲಕ್ಕೆ ಮೊದಲು ತಾಲ್ಲೂಕು ಮೀನುಗಾರಿಕೆ ಕಚೇರಿಗೂ ಒಮ್ಮೆ ಹೋಗಿಬನ್ನಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60ರವರೆಗೆ, ಇತರರಿಗೆ ಶೇ. 40ರವರೆಗೆ ಸಹಾಯಧನ ಗೊತ್ತುಮಾಡಿದ್ದರು. ಮೀನುಗಾರರಿಗೆ ಅಪಘಾತ ವಿಮೆಯೂ ಅದರಲ್ಲಿತ್ತು, ಸಾವಿಗೆ 5 ಲಕ್ಷ. ಯಾವುದಕ್ಕೆ ಎಷ್ಟು, ಈ ವರ್ಷ ಹಣ ಬಂದಿದೆಯೇ ಎಂಬುದು ವರ್ಷ ವರ್ಷ ಬದಲಾಗುತ್ತದೆ. ಆದ್ದರಿಂದ ಕೇಳಿದವರ ಮಾತು ನಂಬದೆ ನೀವೇ ಇಬ್ಬರು ಹೋಗಿ ಕೇಳಿ, ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯಿರಿ. ಕೆರೆ ಯಾರ ಗುತ್ತಿಗೆಯಲ್ಲಿದೆ ಎಂಬುದನ್ನೂ ಅವತ್ತೇ ತಿಳಿದುಕೊಳ್ಳಿ, ಇಲ್ಲದಿದ್ದರೆ ತೆಪ್ಪ ಬಂದ ಮೇಲೆ ತಕರಾರು.

ಆ ಸದಸ್ಯೆಯ ಸಾಲಕ್ಕೆ ಏನಾಯಿತು ಎಂದು ನೀವು ಕೇಳಬಹುದು. ಸಂಘದವರು ಹದಿನೈದರ ಬದಲು ಹದಿನೆಂಟು ಸಾವಿರ ಮಂಜೂರು ಮಾಡಿದರು. ಎರಡು ಜಾಕೆಟ್, ಹಗ್ಗ, ಕ್ಯಾನು, ಸೀಟಿ ಎಲ್ಲದಕ್ಕೂ ಸೇರಿ ಮೂರು ಸಾವಿರ. ತೆಪ್ಪದ ರಸೀದಿ ಜೊತೆ ಜಾಕೆಟ್ಟಿನ ರಸೀದಿಯನ್ನೂ ತರಬೇಕು ಎಂದು ನಡಾವಳಿ ಪುಸ್ತಕದಲ್ಲಿ ಬರೆದರು. ಎರಡು ತಿಂಗಳ ಮೇಲೆ ವಿಚಾರಿಸಿದರೆ, "ಹಾಕ್ಕೊಳ್ತಾರೆ ಸಿಸ್ಟರ್, ಆದ್ರೆ ಸೆಕೆ ಅಂತ ಪಟ್ಟಿ ಕಟ್ಟಲ್ಲ" ಅಂದರು. ಪಟ್ಟಿ ಕಟ್ಟದ ಜಾಕೆಟ್ ನೀರಿಗೆ ಬಿದ್ದ ಕೂಡಲೇ ತಲೆಯ ಮೇಲಿಂದ ಕಳಚಿಹೋಗುತ್ತದೆ. ಈಗ ಅವರ ಮಗಳು, ಆರನೇ ತರಗತಿಯವಳು, ಅಪ್ಪ ಹೊರಡುವಾಗ ಪಟ್ಟಿ ಬಿಗಿದು ಕಳಿಸುತ್ತಾಳಂತೆ.

ತೆಪ್ಪದ ಸಾಲ ಪಡೆದವರೆಲ್ಲ ಮುಂದಿನ ತಿಂಗಳ ಸಭೆಗೆ ಜಾಕೆಟ್ಟುಗಳನ್ನು ತೊಳೆದು ಒಣಗಿಸಿ ತನ್ನಿ. ಹೊಲಿಗೆ ಬಿಟ್ಟಿದ್ದರೆ ಅಲ್ಲೇ ನೋಡೋಣ, ಗಟ್ಟಿ ನೈಲಾನ್ ದಾರ ನಾವು ತರುತ್ತೇವೆ.