ನಾಲೆಯ ನೀರು ಸಮಾಜವನ್ನು ಬದಲಿಸಿತೇ?



ಸಮಾಜ ಬದಲಾಗುವುದು ಹೊಸ ವಿಚಾರಗಳಿಂದಲೋ, ಹೊಟ್ಟೆಪಾಡಿನ ರೀತಿ ಬದಲಾಗುವುದರಿಂದಲೋ? ಹತ್ತೊಂಬತ್ತನೆಯ ಶತಮಾನದ ಯೂರೋಪನ್ನು ಕಾಡಿದ ಪ್ರಶ್ನೆಯಿದು. ಚರಿತ್ರೆಯೆಂದರೆ ಚೈತನ್ಯದ ವಿಕಾಸ ಎಂದ ಜರ್ಮನಿಯ ಹೆಗೆಲ್. ಕಾರ್ಲ್ ಮಾರ್ಕ್ಸ್ 1859ರಲ್ಲಿ ಬೇರೆಯೇ ಸೂತ್ರ ಮುಂದಿಟ್ಟ: ಉತ್ಪಾದನೆಯ ಸಂಬಂಧಗಳೇ ತಳಪಾಯ, ಕಾನೂನು, ರಾಜಕೀಯ, ನಂಬಿಕೆಗಳು ಅದರ ಮೇಲೆದ್ದ ಕಟ್ಟಡ. ರೈಲಿನ ಹಿಂದೆ ಬರುವ ಕೈಗಾರಿಕೆಯು ಭಾರತದಲ್ಲಿ ಜಾತಿಗೆ ಆಧಾರವಾದ ವಂಶಪಾರಂಪರ್ಯ ಕಸುಬುಗಳನ್ನು ಕರಗಿಸುವುದೆಂದು 1853ರಲ್ಲೇ ಅವನು ಬರೆದಿದ್ದ.

ಇಂಥ ಮಾತನ್ನು ಪರೀಕ್ಷಿಸುವುದು ಹೇಗೆ? ಪ್ರಯೋಗಾಲಯದಲ್ಲಾದರೆ ಎರಡು ಪ್ರನಾಳಗಳನ್ನಿಟ್ಟು, ಒಂದಕ್ಕೆ ಮಾತ್ರ ದ್ರವ ಬೆರೆಸಿ ಹೋಲಿಸುತ್ತೇವೆ. ಮಂಡ್ಯ ಸೀಮೆಯಲ್ಲಿ ಅಂಥ ಪ್ರಯೋಗ ತಾನಾಗಿಯೇ ನಡೆಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ನೀರು ಹತ್ತಿದ ಊರು ಭತ್ತ, ಕಬ್ಬು ಬೆಳೆಯಿತು. ಹತ್ತದ ಊರು ರಾಗಿ ಹೊಲವಾಗಿಯೇ ಉಳಿಯಿತು.

ವಿಯೆನ್ನಾದಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಇಂಥ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. 1962ರಲ್ಲಿ ಹೊರಬಂದ ಪುಸ್ತಕದಲ್ಲಿ ನೀರಾವರಿಯ ಊರನ್ನು 'ವಂಗಲ', ಖುಷ್ಕಿಯ ಊರನ್ನು 'ದಲೇನ' ಎಂದು ಕರೆದರು. ಎರಡೂ ಅವರೇ ಇಟ್ಟ ಮರೆ ಹೆಸರುಗಳು.

ಹೆಚ್ಚು ಬದಲಾದದ್ದು ಯಾವ ಊರು? ವಂಗಲ ಎಂದುಕೊಂಡಿರಾ? ಅಲ್ಲ, ದಲೇನ! ವಂಗಲದ ಒಕ್ಕಲಿಗೆ ಹಣ ಬಂತು. ಆದರೆ ಅವನು ಬೇಸಾಯಗಾರನಾಗಿಯೇ ಉಳಿದ. ಅವನ ಗದ್ದೆಗೆ ಆಳು ಇನ್ನಷ್ಟು ಬೇಕಾಯಿತು. ಹೀಗಾಗಿ ಅವನ ಮನೆಗೂ ತಲೆಮಾರಿನಿಂದ ದುಡಿಯುತ್ತಿದ್ದ ದಲಿತ ಕುಟುಂಬಕ್ಕೂ ಇದ್ದ ಹಳೆಯ ಕಟ್ಟು ಸಡಿಲಲಿಲ್ಲ. ದಲೇನದವರಿಗೆ ಊರೊಳಗೆ ದಾರಿ ಕಾಣಲಿಲ್ಲ. ಅವರು ಹಿಟ್ಟಿನ ಗಿರಣಿ, ಗುತ್ತಿಗೆ, ವ್ಯಾಪಾರ, ಮಂಡ್ಯದ ಕೆಲಸ ಎಂದು ಹೊರಗೆ ನಡೆದರು. ಹಳೆಯ ಆಳು-ಒಡೆಯ ಸಂಬಂಧ ಅಲ್ಲಿ ಕಳಚಿತು. ಹುಟ್ಟಿನಿಂದ ಬಂದ ಯಜಮಾನಿಕೆಯ ಬಲವೂ ಕುಗ್ಗಿತು.

ಹಾಗಾದರೆ ಮಾರ್ಕ್ಸ್ ತಪ್ಪಿದನೇ? ಹಾಗೆನ್ನಲಾಗದು. ಸಂಪತ್ತು ಹೆಚ್ಚಿದರೆ ಸಾಕು, ಸಮಾಜ ತಾನಾಗಿಯೇ ಬದಲಾಗುತ್ತದೆ ಎಂಬ ಸುಲಭದ ನಂಬಿಕೆ ಇಲ್ಲಿ ಬಿದ್ದುಹೋಯಿತು. ಎಷ್ಟು ಬೆಳೆದರು ಎಂಬುದಕ್ಕಿಂತ ಯಾರು ಯಾರಿಗಾಗಿ, ಯಾವ ಕಟ್ಟಿನಲ್ಲಿ ದುಡಿದರು ಎಂಬುದು ಮುಖ್ಯವಾಯಿತು.

ಮಂಡ್ಯ ತಾಲ್ಲೂಕಿನ ಕೊತ್ತತ್ತಿಯಂಥ ಊರಿನವರು ನೀವಾದರೆ ಮನೆಯ ಹಿರಿಯರನ್ನು ಕೇಳಿ: ನೀರು ಬಂದಾಗ ಗದ್ದೆ ಯಾರದ್ದು, ಆಳು ಯಾರು? ಕೂಲಿ ಕಾಳಿನಲ್ಲೋ, ದುಡ್ಡಿನಲ್ಲೋ? ಬೇಡವೆನಿಸಿದರೆ ಆ ಕೆಲಸ ಬಿಟ್ಟುಹೋಗಲು ಅವರಿಗೆ ಸಾಧ್ಯವಿತ್ತೇ? ದಲಿತರ ಕೇರಿಯಲ್ಲೂ ಇದೇ ಪ್ರಶ್ನೆ ಕೇಳಿ. ಎರಡೂ ಉತ್ತರಗಳನ್ನು ಪಕ್ಕಪಕ್ಕ ಬರೆದಿಟ್ಟುಕೊಂಡು ಹೋಲಿಸಿ.