ಮುಪ್ಪಿನ ನಡಿಗೆ

ಮನೆಯ ಹಿರಿಯರೊಬ್ಬರು ಬಿದ್ದರೆಂದು ತಿಳಿದೊಡನೆ ನಾವು ಕೇಳುವ ಮೊದಲ ಪ್ರಶ್ನೆ, 'ಎಲ್ಲಿ ಬಿದ್ದರು?' ಬಚ್ಚಲೆಂದೋ ಹೊಸ್ತಿಲೆಂದೋ ಉತ್ತರ ಬಂದರೆ ಕಾರಣವೂ ಸಿಕ್ಕಿತೆಂದು ಸುಮ್ಮನಾಗುತ್ತೇವೆ. ಬೀಳುವುದಕ್ಕೆ ಮುಂಚಿನ ತಿಂಗಳುಗಳಲ್ಲಿ ಅವರ ಮನಸ್ಸು ಹೇಗಿತ್ತೆಂದು ವಿಚಾರಿಸುವವರು ಕಡಮೆ. ವಿಚಾರಿಸಬೇಕೆಂಬುದು ನನ್ನ ವಾದ. 65 ದಾಟಿದವರಲ್ಲಿ ಸರಿಸುಮಾರು ಮೂವರಿಗೊಬ್ಬರು ಪ್ರತಿವರ್ಷ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ಜನರ ಬೀಳುವಿಕೆಗೆ ಬಚ್ಚಲಿನ ಪಾಚಿಯೊಂದೇ ಹೊಣೆಯಾಗಲಾರದು.

ನಡೆಯುವುದು ಕಾಲುಗಳ ಕೆಲಸವೆಂದು ನಾವು ತಿಳಿದಿದ್ದೇವೆ. ಆದರೆ ಕಣ್ಣು ಮಂಜಾಗಿ, ಕೀಲುಗಳು ಬಿಗಿದು, ಒಳಕಿವಿಯ ಸಮತೋಲ ಕುಂದಿದಂತೆಲ್ಲ ಪ್ರತಿಯೊಂದು ಹೆಜ್ಜೆಯೂ ಮನಸ್ಸಿನ ಗಮನವನ್ನು ಬೇಡತೊಡಗುತ್ತದೆ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ವಸತಿಗೃಹದ 58 ಮಂದಿ ವೃದ್ಧರನ್ನು, ಅವರು ನಡೆಯುತ್ತಿರುವಾಗಲೇ, ಮಾತಿಗೆಳೆದು ನೋಡಿದರು. 12 ಮಂದಿ ಉತ್ತರ ಕೊಡಲು ನಡಿಗೆಯನ್ನೇ ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ 12 ಮಂದಿಯ ಪೈಕಿ 10 ಮಂದಿ ಬಿದ್ದರು. ಒಂದು ಸಣ್ಣ ಮಾತಿಗೇ ಹೀಗಾಗುವುದಾದರೆ, ಖಿನ್ನತೆಯಲ್ಲಿ ಬೆಳಗಿನಿಂದ ಇರುಳಿನವರೆಗೆ ಒಳಗೊಳಗೇ ಸಾಗುವ ಮಾತು ಕಾಲಿಗೆಂದು ಎಷ್ಟು ಗಮನವನ್ನು ಉಳಿಸೀತು? ಖಿನ್ನರ ನಡಿಗೆ ನಿಧಾನವಾಗುವುದನ್ನೂ, ಕೈಬೀಸು ಕುಗ್ಗುವುದನ್ನೂ, ಮೈ ಮುಂದಕ್ಕೆ ಬಾಗುವುದನ್ನೂ ಅಳತೆ ಮಾಡಿಯೇ ಕಂಡುಕೊಂಡಿದ್ದಾರೆ.

ಒಂಟಿತನದ ದಾರಿ ಇನ್ನೂ ಸುತ್ತಿನದು. ನಮ್ಮ ಬೀದಿಯ ಅಜ್ಜಿಯೊಬ್ಬರು ಯಜಮಾನರು ತೀರಿಕೊಂಡ ಮೇಲೆ, ಒಂದು ಜೀವಕ್ಕೆ ಒಲೆ ಹಚ್ಚುವುದೇಕೆಂದು ರಾತ್ರಿಯೂಟವನ್ನು ಅವಲಕ್ಕಿ ಮಜ್ಜಿಗೆಗೆ ಇಳಿಸಿದರು. ಊಟ ಇಳಿದಂತೆ ತೊಡೆಯ ಬಲವೂ ಇಳಿಯಿತು. ಒಮ್ಮೆ ಜಾರಿದರು, ಮೂಳೆ ಮುರಿಯಲಿಲ್ಲ. ಆದರೆ ಅಂದಿನಿಂದ ದೇವಸ್ಥಾನಕ್ಕೆ ಹೋಗುವುದು ನಿಂತಿತು. ಭಯ ಹೊಕ್ಕ ಕಾಲು ಮೂಲೆ ಹಿಡಿಯುತ್ತದೆ, ಮೂಲೆ ಹಿಡಿದ ಕಾಲು ಸೊರಗುತ್ತದೆ, ಸೊರಗಿದ್ದು ಮತ್ತೆ ಜಾರುತ್ತದೆ. ಹೊರಗೆ ಕಾಣಿಸದವರನ್ನು ನೆನೆದು ಬಾಗಿಲು ತಟ್ಟುವವರು ಎಷ್ಟು ಮಂದಿ?

ಮಾತ್ರೆಗಳಿಂದಲೇ ಎಲ್ಲ ಸರಿಹೋಗುವುದೆಂದು ನಂಬುವುದೂ ತರವಲ್ಲ. ನಿದ್ರೆಯ ಮಾತ್ರೆಗಳೂ ಖಿನ್ನತೆಯ ಔಷಧಗಳೂ ಬೀಳುವ ಸಂಭವವನ್ನು ಹೆಚ್ಚಿಸುತ್ತವೆ. ಕೆಲವು ಔಷಧಗಳಿಂದ ಎದ್ದು ನಿಂತೊಡನೆ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಹಾಗೆಂದು ಅವನ್ನು ತಾವಾಗಿಯೇ ಬಿಡಬಾರದು, ಜಾರಿದ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಲೂ ಬಾರದು. ಕಾಲಿನ ಬಲ ಮತ್ತು ಸಮತೋಲಗಳ ವ್ಯಾಯಾಮದಿಂದ ಬೀಳುವುದು ಕಡಮೆಯಾಗುತ್ತದೆಂಬುದು ಸಿದ್ಧವಾದ ಮಾತು. ಆದರೆ ಕೋಣೆಯಲ್ಲಿ ಒಬ್ಬರೇ ಕುರ್ಚಿ ಹಿಡಿದು ಎದ್ದು ಕೂತು ಮಾಡುವ ಉತ್ಸಾಹ ಎಷ್ಟು ದಿನ ಉಳಿದೀತು? ಅದನ್ನೇ ಓರಗೆಯ ನಾಲ್ವರು ಸಂಜೆ ಜಗುಲಿಯಲ್ಲಿ ಸೇರಿ ಮಾಡಲಿ; ಬಾರದವರ ಮನೆಗೆ ಮರುದಿನ ಒಬ್ಬರಾದರೂ ಹೋಗಿ ಬರುತ್ತಾರೆ.