ತಾರಸಿಯ ಮೇಲೊಂದು ಪುಟ್ಟ ದೂರದರ್ಶಕ

ಮುಂಬಯಿಯ ದೀಪಗಳ ಬೆಳಕು ಆಕಾಶಗಂಗೆಯನ್ನು ಮರೆಮಾಡಿದೆ. ಆದರೆ ಚಂದ್ರ, ಗುರು, ಶನಿಗಳು ಸಾಕಷ್ಟು ಪ್ರಕಾಶಮಾನವಾಗಿರುವುದರಿಂದ ಅವುಗಳ ವೀಕ್ಷಣೆಗೆ ಈ ಬೆಳಕಿನ ಬಾಧೆ ಅಷ್ಟಾಗಿಲ್ಲ. ನಗರವಾಸಿಗಳು ಇವುಗಳಿಂದಲೇ ಆರಂಭಿಸುವುದು ಸೂಕ್ತ.

ಮೇಜಿನ ಮೇಲಿಡಬಹುದಾದ, 130 ಮಿಲಿಮೀಟರ್ ವ್ಯಾಸದ ದರ್ಪಣವುಳ್ಳ ದೂರದರ್ಶಕವನ್ನು ಒಬ್ಬರೇ ತಾರಸಿಗೆ ಒಯ್ಯಬಹುದು. ಅದರ ನಾಭಿದೂರ 650 ಮಿಲಿಮೀಟರ್, ಕಣ್ಣಿನ ಬಳಿಯ ಮಸೂರದ್ದು 10 ಆದರೆ ಬಿಂಬ 65 ಪಟ್ಟು ದೊಡ್ಡದಾಗುತ್ತದೆ. ಶನಿಯ ಬಳೆಗಳನ್ನೂ, 1610ರಲ್ಲಿ ಗೆಲಿಲಿಯೋ ಕಂಡ ಗುರುವಿನ ನಾಲ್ಕು ಉಪಗ್ರಹಗಳನ್ನೂ ನೋಡಲು ಇಷ್ಟು ಸಾಕು. ಪೆಟ್ಟಿಗೆಯ ಮೇಲೆ ಮುದ್ರಿಸುವ ‘500 ಪಟ್ಟು’ ಎಂಬ ಆಶ್ವಾಸನೆಗೆ ಮರುಳಾಗಬೇಕಾಗಿಲ್ಲ.

ಚಂದ್ರನನ್ನು ಹುಣ್ಣಿಮೆಗಿಂತ ಶುಕ್ಲಪಕ್ಷದ ಅಷ್ಟಮಿಯ ಸುಮಾರಿಗೆ ನೋಡಬೇಕು; ಬೆಳಕು ಕತ್ತಲೆಗಳು ಸಂಧಿಸುವ ಗೆರೆಯಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ. ಮೊಬೈಲ್ ಕ್ಯಾಮೆರಾವನ್ನು ಹಿಡಿಕೆಯೊಂದರಿಂದ ಮಸೂರಕ್ಕೆ ಬಿಗಿದು, ಟೈಮರ್ ಇಟ್ಟು ಚಿತ್ರ ತೆಗೆದರೆ ಕೈ ಅಲುಗುವ ತೊಂದರೆಯಿಲ್ಲ. ಗ್ರಹಗಳಿಗಾದರೆ ಒಂದೆರಡು ನಿಮಿಷದ ವೀಡಿಯೊ ತೆಗೆದು, ಅದರಲ್ಲಿನ ಸ್ಪಷ್ಟ ಚಿತ್ರಗಳನ್ನಷ್ಟೇ ಆರಿಸಿ ಗಣಕದಲ್ಲಿ ಒಂದರ ಮೇಲೊಂದು ಸೇರಿಸುವುದು ಹವ್ಯಾಸಿಗಳ ವಾಡಿಕೆ. ಬಿಸಿಲಿಗೆ ಕಾದ ತಾರಸಿಯ ಶಾಖದಿಂದ ಸಂಜೆ ಬಿಂಬ ನಡುಗುತ್ತದೆ. ರಾತ್ರಿ ಏರಿದಂತೆ ನಿಲ್ಲುತ್ತದೆ.

ಮಕ್ಕಳಿರುವ ಮನೆಯಲ್ಲಿ ಹಗಲು ದೂರದರ್ಶಕವನ್ನು ಮುಚ್ಚಿ ಒಳಗಿಡಬೇಕು. ಮುಂಭಾಗಕ್ಕೆ ತಕ್ಕ ಸೌರಶೋಧಕವಿಲ್ಲದೆ ಅದರಲ್ಲಿ ಸೂರ್ಯನನ್ನು ಕ್ಷಣಮಾತ್ರ ನೋಡಿದರೂ ಕಣ್ಣು ಶಾಶ್ವತವಾಗಿ ಹೋಗಬಹುದು.